ಘಟ್ಟ ಇಳಿಯುವಾಗ ಕಾಲು ಎಲ್ಲಿರಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಘಾಟಿಯ ಬಗ್ಗೆಯೇ. ಮಳೆ ಹಿಡಿದಿದೆ, ಜಲಪಾತಗಳು ತುಂಬಿವೆ, ಎಲ್ಲರಿಗೂ ಚಾರ್ಮಾಡಿ ನೆನಪಾಗಿದೆ. ಹೊಸ ಓದುಗರಿಗಾಗಿ ಹೇಳುತ್ತೇನೆ. ನನ್ನ ತವರು ಮೂಡಿಗೆರೆ ಕಡೆ, ಗಂಡನ ಮನೆ ಬೆಳ್ತಂಗಡಿ ಕಡೆ. ಮದುವೆ, ಬಾಣಂತನ, ಸಾವು, ಕಾಫಿ ಕೊಯ್ಲು, ಏನೇ ಇದ್ದರೂ ನಮಗೆ ನಡುವೆ ಇರುವುದು ಅದೊಂದೇ ದಾರಿ. ಘಟ್ಟದ ಕೆಳಗೆ ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಕಲಿಯಲು ಬಂದವರನ್ನು ಕೊನೆಯ ಪಾಠಕ್ಕೆ ಘಾಟಿಗೇ ಕರೆದುಕೊಂಡು ಹೋಗುವುದು. ಹಾಗಾಗಿ ಇವತ್ತು ಪಾರ್ಕಿಂಗ್, ಇನ್ಶೂರೆನ್ಸ್ ಪ್ರಶ್ನೆಗಳಿಗೆ ರಜೆ. ಪೂರ್ತಿ ಘಟ್ಟವೇ.

ಅಕ್ಕಾ, ಕಳೆದ ಸಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋದೆವು. ಅರ್ಧ ಇಳಿಯುವಷ್ಟರಲ್ಲಿ ರಬ್ಬರ್ ಸುಟ್ಟ ಹಾಗೆ ವಾಸನೆ ಬಂತು. ಆಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗತೊಡಗಿತು. ಹೆದರಿ ನಿಲ್ಲಿಸಿದೆ. ಸರ್ವಿಸ್ ಸೆಂಟರ್‌ನಲ್ಲಿ ಏನೂ ತೊಂದರೆ ಇಲ್ಲ ಅಂದರು. ಈಗ ಮತ್ತೆ ಅಪ್ಪ ಅಮ್ಮನ ಜೊತೆ ಹೋಗಬೇಕು. ಏನು ಮಾಡಲಿ? — ತುಮಕೂರಿನ ಓದುಗರು

ತಮ್ಮಾ, ನಿಲ್ಲಿಸಿದೆಯಲ್ಲ, ಅಷ್ಟು ಸಾಕು. ಕಾರಿನಲ್ಲಿ ತೊಂದರೆ ಇರಲಿಕ್ಕಿಲ್ಲ. ಅಪ್ಪಟ ಬಯಲುಸೀಮೆಯ ಕಾಲು ನಿಂದು. ತುಮಕೂರಿನ ರಸ್ತೆಯಲ್ಲಿ ಬ್ರೇಕ್ ಅಂದರೆ ಗಾಡಿ ನಿಲ್ಲಿಸುವುದಕ್ಕೆ. ಘಟ್ಟದಲ್ಲಿ ಅದೇ ಬ್ರೇಕನ್ನು ಗಾಡಿ ಹಿಡಿದುಕೊಳ್ಳುವುದಕ್ಕೆ ಬಳಸಿದ್ದೀಯ. ಮೈಲಿಗಟ್ಟಲೆ ಪೆಡಲ್ ಮೇಲೆ ಕಾಲಿಟ್ಟೇ ಇಳಿದರೆ ಪ್ಯಾಡು, ಡಿಸ್ಕು ಕಾದು ಕೆಂಡವಾಗುತ್ತವೆ. ಕಾದ ಪ್ಯಾಡಿಗೆ ಹಿಡಿತ ಇರುವುದಿಲ್ಲ. ಆ ವಾಸನೆ ಅದರದ್ದೇ.

ಪೆಡಲ್ ಮೆತ್ತಗಾದದ್ದು ಮುಂದಿನ ಹಂತ, ಅದು ಜಾಸ್ತಿ ಅಪಾಯ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಅನ್ನುವ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಕುಡಿದು ಹಳೆಯದಾದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ನೀನು ಒತ್ತಿದ ಬಲ ಚಕ್ರಕ್ಕೆ ಹೋಗದೆ ಆ ಗುಳ್ಳೆಯನ್ನು ಅಮುಕುವುದರಲ್ಲೇ ಖರ್ಚಾಗುತ್ತದೆ. ತಣ್ಣಗಾದ ಮೇಲೆ ಗುಳ್ಳೆ ಮಾಯ, ಪೆಡಲ್ ಗಟ್ಟಿ. ಅದಕ್ಕೇ ಸರ್ವಿಸ್‌ನವರಿಗೆ ಏನೂ ಕಾಣಿಸಲಿಲ್ಲ. ಹೊರಡುವ ಮೊದಲು ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಕೇಳು. ಎರಡು ವರ್ಷ ಆಗಿದ್ದರೆ ಬದಲಿಸು. ದೊಡ್ಡ ಖರ್ಚಲ್ಲ.

ಇನ್ನು ಇಳಿಯುವ ಕ್ರಮ. ಯಾವ ಗೇರಿನಲ್ಲಿ ಆ ಏರು ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು. ಚಾರ್ಮಾಡಿಯಲ್ಲಿ ಸಣ್ಣ ಕಾರಿಗೆ ಹೆಚ್ಚಿನ ಕಡೆ ಎರಡನೇ ಗೇರು, ನೇರ ಇರುವ ಕಡೆ ಮೂರು. ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಂಜಿನ್ ಜೋರಾಗಿ ಗುಂಯ್‌ಗುಡುತ್ತದೆ, ಹೆದರಬೇಡ. ಹೊಸದಾಗಿ ಕಲಿಯುವವರೆಲ್ಲ ಆ ಸದ್ದಿಗೆ ಬೆಚ್ಚಿ ಗೇರ್ ಏರಿಸಿಬಿಡುತ್ತಾರೆ. ಏರಿಸಬಾರದು. ಆ ಸದ್ದು ಗಾಡಿ ನಿನ್ನ ಮಾತು ಕೇಳುತ್ತಿದೆ ಅನ್ನುವುದಕ್ಕೆ ಸಾಕ್ಷಿ.

ಹಾಗಂತ ಬ್ರೇಕ್ ಮುಟ್ಟಲೇಬಾರದು ಅಂತಲ್ಲ. ವೇಗ ಏರುತ್ತಿದೆ ಅನಿಸಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸು, ಪೂರ್ತಿ ಬಿಟ್ಟುಬಿಡು. ಮತ್ತೆ ಬೇಕಾದಾಗ ಮತ್ತೆ ಒತ್ತು. ನಡುವೆ ಸಿಗುವ ಬಿಡುವಿನಲ್ಲಿ ಅದು ತಣಿಯಬೇಕು. ಗೇರ್ ಇಳಿಸುವುದು ತಿರುವಿಗೆ ಮೊದಲು, ತಿರುವಿನ ಒಳಗಲ್ಲ. ತಿರುವಿನಲ್ಲಿ ಕ್ಲಚ್ ಒತ್ತಿ ಹಿಡಿದರೆ ಇಂಜಿನ್ ಹಿಡಿತ ಹೋಯಿತು, ಗಾಡಿ ಸುಮ್ನೆ ಜಾರುವ ಬಂಡಿ.

ಮತ್ತೆ ವಾಸನೆ ಬಂದರೆ ಅಗಲ ಇರುವ ಜಾಗ ನೋಡಿ ನಿಲ್ಲಿಸು. ಅರ್ಧ ಗಂಟೆ ಬಿಡು. ಕಾದ ಚಕ್ರಕ್ಕೆ ನೀರು ಎರಚಬೇಡ, ಡಿಸ್ಕ್ ಸೊಟ್ಟಗಾಗುತ್ತದೆ. ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡು. ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗೆ ಹಾಕು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಘಾಟಿಯಲ್ಲಿ ಯಾರೋ ಚಕ್ರಕ್ಕೆ ಕೊಟ್ಟು ಹಾಗೇ ಬಿಟ್ಟುಹೋದ ಕಲ್ಲು ರಾತ್ರಿ ಬೈಕಿನವರ ಚಕ್ರಕ್ಕೆ ಸಿಗುತ್ತದೆ. ನನಗೆ ಕುಡಿದು ಓಡಿಸುವವರ ಮೇಲೆ ಬರುವಷ್ಟೇ ಸಿಟ್ಟು ಈ ಕಲ್ಲು ಬಿಟ್ಟು ಹೋಗುವವರ ಮೇಲೂ ಬರುತ್ತದೆ.

ಪೆಡಲ್ ಪೂರ್ತಿ ಕೆಳಗೆ ಹೋಗಿಬಿಟ್ಟರೆ? ಬೇಗ ಬೇಗ ಒತ್ತಿ ಬಿಟ್ಟು ಮಾಡು, ಒಂದಷ್ಟು ಒತ್ತಡ ಬರುತ್ತದೆ. ಒಂದೊಂದೇ ಗೇರ್ ಇಳಿಸು. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವೇ ಎಳೆ. ಆಗಲೂ ನಿಲ್ಲದಿದ್ದರೆ ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸು. ಬಂಪರ್ ಹೋಗಲಿ. ಕಣಿವೆ ಕಡೆಯ ತಡೆಗೋಡೆಯನ್ನು ನಂಬಿಕೊಂಡು ಮಾತ್ರ ಹೋಗಬೇಡ.

ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ನಮ್ಮ ಮಾವನವರ ವಾದ. ಹೌದಾ? — ಹಾಸನದ ಅಳಿಯ

ಇಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜಿನ್‌ಗೆ ಎಣ್ಣೆ ಹೋಗುವುದನ್ನು ಕಂಪ್ಯೂಟರೇ ನಿಲ್ಲಿಸುತ್ತದೆ. ಚಕ್ರವೇ ಇಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಇಡಲು ಎಣ್ಣೆ ಬೇಕೇ ಬೇಕು. ಅಂದರೆ ಖರ್ಚೂ ಜಾಸ್ತಿ, ಬ್ರೇಕಿಗೆ ಹೊರೆಯೂ ಜಾಸ್ತಿ. ಇಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಆಗ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಕಾಲಿನ ಬಲ ಹೆಚ್ಚಿಸುವ ಬ್ರೇಕಿನ ಬೂಸ್ಟರ್ ಎರಡು ಮೂರು ಸಲ ಒತ್ತಿದ ಮೇಲೆ ಖಾಲಿ. ಮಾವನವರಿಗೆ ಇಷ್ಟು ಓದಿ ಹೇಳಿ. ಒಪ್ಪದಿದ್ದರೆ ಜಗಳ ಆಡಬೇಡಿ, ಕೀ ನಿಮ್ಮ ಕಿಸೆಯಲ್ಲಿರಲಿ.

ನಮ್ಮದು ಆಟೋಮ್ಯಾಟಿಕ್. ಗೇರೇ ಇಲ್ಲ, ಏನು ಇಳಿಸುವುದು? ಗೆಳತಿಯದು ಎಲೆಕ್ಟ್ರಿಕ್ ಕಾರು, ಅವಳಿಗೂ ಇದೇ ಸಂಶಯ. — ಬೆಂಗಳೂರಿನ ಇಬ್ಬರು

ಗೇರ್ ಇದೆ, ನಿಮ್ಮ ಕೈಗೆ ಕೊಟ್ಟಿಲ್ಲ ಅಷ್ಟೆ. ಲಿವರ್ ಪಕ್ಕ ನೋಡಿ. ಎಲ್, 2, ಎಸ್ ಅಥವಾ ಎಂ ಅಂತ ಏನಾದರೂ ಬರೆದಿರುತ್ತದೆ. ಕೆಲವಕ್ಕೆ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇರುತ್ತದೆ. ಘಟ್ಟ ಶುರುವಾಗುವ ಮೊದಲೇ ಅದಕ್ಕೆ ಹಾಕಿ. ಡಿ ಯಲ್ಲೇ ಬಿಟ್ಟರೆ ಕೆಲವು ಗಾಡಿಗಳು ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹೋಗಿ ಕೂರುತ್ತವೆ, ಆಮೇಲೆ ಕೆಲಸವೆಲ್ಲ ಬ್ರೇಕಿನದ್ದೇ. ಮಾರುವವರು ಇದನ್ನು ತೋರಿಸಿಕೊಡುವುದು ಅಪರೂಪ. ಮನೆ ಹತ್ತಿರದ ಒಂದು ಏರಿನಲ್ಲಿ ಅಭ್ಯಾಸ ಮಾಡಿಕೊಂಡೇ ಬನ್ನಿ.

ಎಲೆಕ್ಟ್ರಿಕ್ ಕಾರಿಗೆ ಘಟ್ಟ ಇಳಿಯುವುದು ಹಬ್ಬ. ಮೋಟಾರೇ ಗಾಡಿ ಹಿಡಿಯುತ್ತದೆ, ಬ್ಯಾಟರಿಯೂ ಸ್ವಲ್ಪ ತುಂಬುತ್ತದೆ. ಆದರೆ ಒಂದು ಕೊಕ್ಕೆ ಇದೆ. ಮೂಡಿಗೆರೆಯ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಿಗ್ಗೆ 100 ತುಂಬಿಸಿಕೊಂಡು ನೇರ ಘಾಟಿಗೆ ಬಂದರೆ ಆ ಹಿಡಿತ ಸಿಗುವುದಿಲ್ಲ. ತುಂಬಿದ ಬ್ಯಾಟರಿಯಲ್ಲಿ ಇನ್ನೂ ತುಂಬಲು ಜಾಗವೆಲ್ಲಿ? ಮೇಲಿನಿಂದ ಇಳಿಯುವ ದಿನ 80ರ ಆಸುಪಾಸಿಗೆ ಚಾರ್ಜ್ ನಿಲ್ಲಿಸಲು ಗೆಳತಿಗೆ ಹೇಳಿ.

ಕಿರಿದಾದ ಜಾಗದಲ್ಲಿ ಎದುರಿಗೆ ಬಸ್ ಬಂತು. ನಾವು ಇಳಿಯುತ್ತಿದ್ದೆವು, ಬಸ್ ಹತ್ತುತ್ತಿತ್ತು. ಬಸ್ಸಿನವರು ಹಿಂದೆ ಹೋಗಬೇಕಿತ್ತು ಅಂತ ನಮ್ಮವರು, ನಾವೇ ಹೋಗಬೇಕಿತ್ತು ಅಂತ ನಾನು. ಯಾರದು ಸರಿ? — ಶಿವಮೊಗ್ಗದ ಗೃಹಿಣಿ

ನಿಮ್ಮದು. ಹತ್ತುವ ಗಾಡಿಗೆ ಮೊದಲ ಹಕ್ಕು. ದಾರಿ ಸಾಲದಿದ್ದರೆ ಇಳಿಯುವವರು ಬದಿಗೆ ನಿಲ್ಲಿಸಿ ಬಿಡಬೇಕು ಅಂತ ರಸ್ತೆ ನಿಯಮದಲ್ಲೇ ಬರೆದಿದ್ದಾರೆ. ಬರೆಯದಿದ್ದರೂ ಬುದ್ಧಿಗೆ ತಿಳಿಯುವ ಮಾತು. ತುಂಬಿದ ಬಸ್ಸನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವುದು ಎಷ್ಟು ಕಷ್ಟ ಅಂತ ಒಮ್ಮೆ ಆ ಡ್ರೈವರ್ ಕಾಲು ನೋಡಿದರೆ ಗೊತ್ತಾಗುತ್ತದೆ. ಗಾಡಿ ಒಂದು ಗೇಣು ಹಿಂದೆ ಜಾರಿದರೂ ಹಿಂದಿನ ಕಾರಿಗೆ ತಾಗುತ್ತದೆ.

ಹಿಮ್ಮುರಿ ತಿರುವಿನಲ್ಲಿ ಇನ್ನೊಂದು ವಿಷಯ. ಉದ್ದದ ಗಾಡಿ ತಿರುಗಲು ಪೂರ್ತಿ ರಸ್ತೆ ತೆಗೆದುಕೊಳ್ಳುತ್ತದೆ. ಅದು ಅಹಂಕಾರವಲ್ಲ, ಅದರ ಅಳತೆಯೇ ಹಾಗೆ. ಕೆಳಗಿನಿಂದ ಬಸ್ ಬರುವುದು ಕಂಡರೆ ತಿರುವಿಗೆ ಇಪ್ಪತ್ತು ಮಾರು ಮೊದಲೇ ನಿಂತುಬಿಡಿ. ತಿರುವಿನ ಬಾಯಿಗೆ ಹೋಗಿ ನಿಂತರೆ ಅವರಿಗೂ ದಾರಿ ಇಲ್ಲ, ನಿಮಗೂ ಇಲ್ಲ. ಭಾನುವಾರ ಚಾರ್ಮಾಡಿಯಲ್ಲಿ ಗಂಟೆಗಟ್ಟಲೆ ಗಾಡಿ ನಿಲ್ಲುವುದು ಎಷ್ಟೋ ಸಲ ಇಷ್ಟಕ್ಕೇ. ನಿಮ್ಮವರಿಗೆ ಈ ಪುಟ ತೋರಿಸುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಂಜಿನಲ್ಲಿ ಎದುರು ಏನೂ ಕಾಣುವುದಿಲ್ಲ. ಹೈ ಬೀಮ್ ಹಾಕಿದರೆ ಇನ್ನೂ ಬೆಳ್ಳಗೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುತ್ತೇವೆ. ಸರಿಯಾ? — ದಾವಣಗೆರೆಯಿಂದ

ನಾಲ್ಕು ಇಂಡಿಕೇಟರ್ ನಿಂತ ಗಾಡಿಗೆ. ಓಡುವಾಗ ಹಾಕಿದರೆ ಹಿಂದಿನವರಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ಗೊತ್ತಾಗುವುದಿಲ್ಲ. ನೀವು ಬಲಕ್ಕೆ ಸರಿಯುತ್ತೀರಿ ಅನ್ನುವುದನ್ನು ತಿಳಿಸುವ ದಾರಿಯೂ ಇರುವುದಿಲ್ಲ. ಲೋ ಬೀಮ್, ಫಾಗ್ ಲ್ಯಾಂಪ್ ಇದ್ದರೆ ಅದು. ಹೈ ಬೀಮ್ ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎಡಬದಿಯ ಬಿಳಿ ಗೆರೆ ಹಿಡಿದು ನಿಧಾನಕ್ಕೆ ಹೋಗಿ. ಮುಂದಿನ ಗಾಡಿಯ ಕೆಂಪು ದೀಪಕ್ಕೆ ಅಂಟಿಕೊಂಡು ಹೋಗುವುದು ಸುಲಭ ಅನಿಸುತ್ತದೆ. ಅವರು ದಾರಿ ತಪ್ಪಿದರೆ ನೀವೂ ಅವರ ಹಿಂದೆಯೇ. ಕುರುಡು ತಿರುವಿನಲ್ಲಿ ಒಂದು ಸಣ್ಣ ಹಾರ್ನ್ ಕೊಡಿ, ಕಿಟಕಿ ಸ್ವಲ್ಪ ಇಳಿಸಿ ಉತ್ತರ ಬರುತ್ತದಾ ಕೇಳಿ.

ಗಾಜಿನ ಮಂಜು ಬೇರೆ ಕಥೆ. ಒಳಗೆ ಕಟ್ಟಿದ್ದರೆ ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಬಿಡಿ. ಎಸಿ ಗಾಳಿಯ ತೇವ ತೆಗೆಯುತ್ತದೆ. ಕೈಯಿಂದ ಒರೆಸಿದರೆ ಎಣ್ಣೆಪಸೆ ಉಳಿದು ರಾತ್ರಿ ಎದುರಿನ ಲೈಟಿಗೆ ಇನ್ನೂ ಕಷ್ಟ. ಒರೆಸಿದರೂ ಹೋಗದಿದ್ದರೆ ಮಂಜು ಕಟ್ಟಿರುವುದು ಹೊರಗೆ. ಗಾಜು ಅತಿ ತಣ್ಣಗಾಗಿದೆ ಅಂತ ಅರ್ಥ. ವೈಪರ್ ಹಾಕಿ, ತಂಪು ಕಮ್ಮಿ ಮಾಡಿ.

ನಮ್ಮ ಯಜಮಾನರು ಒಳ್ಳೆಯ ಡ್ರೈವರ್. ಆದರೆ ಘಾಟಿ ಬಂದ ಕೂಡಲೇ "ಅಲ್ಲಿ ನೋಡು, ಇಲ್ಲಿ ನೋಡು" ಅಂತ ಅವರೇ ಕಣಿವೆ ನೋಡುತ್ತಾರೆ. ಒಂದು ಕೈಯಲ್ಲಿ ವಿಡಿಯೋ ಬೇರೆ. ಹೇಳಿದರೆ ಕೋಪ. — ಹೆಸರು ಬೇಡ, ಮೈಸೂರು

ತಂಗೀ, ಈ ಪತ್ರ ಈ ತಿಂಗಳ ಎಲ್ಲ ಪತ್ರಗಳಿಗಿಂತ ಮುಖ್ಯವಾದದ್ದು. ಬ್ರೇಕು, ಗೇರು ಎಲ್ಲ ಕಲಿಸಬಹುದು. ಕಣ್ಣನ್ನು ರಸ್ತೆಗೆ ಕಟ್ಟುವುದು ಕಷ್ಟ. ಕಣ್ಣು ಎಲ್ಲಿ ಹೋಗುತ್ತದೋ ಕೈಯೂ ಸ್ಟೀರಿಂಗನ್ನು ಆ ಕಡೆಗೇ ಎಳೆಯುತ್ತದೆ. ಗಂಟೆಗೆ 30 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಎಂಟು ಮೀಟರ್ ಮೇಲೆ. ಎರಡು ಸೆಕೆಂಡ್ ಜಲಪಾತ ನೋಡಿದರೆ ಹದಿನಾರು ಮೀಟರ್ ಯಾರೂ ಓಡಿಸದ ಗಾಡಿ ಓಡಿದೆ. ನಮ್ಮ ತಿರುವುಗಳಲ್ಲಿ ಅಷ್ಟು ಜಾಗ ಇಲ್ಲ.

ನನ್ನ ಪಾಠ ಹೀಗೆ: ಸ್ಟೀರಿಂಗ್ ಹಿಡಿದವರಿಗೆ ಘಾಟಿಯಲ್ಲಿ ನೋಟ ಇಲ್ಲ. ನೋಡಬೇಕು ಅಂದರೆ ನಿಲ್ಲಿಸಬೇಕು, ಇಳಿಯಬೇಕು. ನೋಡಲು ಏನು ಕಮ್ಮಿ ಇದೆಯಾ ಚಾರ್ಮಾಡಿಯಲ್ಲಿ! ಮಳೆಗಾಲದಲ್ಲಿ ಹೆಜ್ಜೆಗೊಂದು ಝರಿ. ಆಲೇಕಾನ್ ಜಲಪಾತ ದಾರಿ ಪಕ್ಕದಲ್ಲೇ ಬೀಳುತ್ತದೆ. ಮೇಲೆ ಮಲಯ ಮಾರುತ ಅತಿಥಿಗೃಹದ ಹತ್ತಿರ ನಿಂತರೆ ಕೆಳಗಿನ ಕಾಡು ಮೋಡದೊಳಗೆ ಹೋಗಿ ಬಂದು ಮಾಡುತ್ತದೆ. ಈ ನೀರೆಲ್ಲ ಕೆಳಗೆ ಮೃತ್ಯುಂಜಯ ಹೊಳೆಯಂಥ ಹೊಳೆಗಳಿಗೆ ಸೇರಿ, ನೇತ್ರಾವತಿಯಾಗಿ ಮಂಗಳೂರಿನವರ ನಲ್ಲಿಗೆ ಬರುತ್ತದೆ. ನಿಮ್ಮ ಯಜಮಾನರಿಗೆ ಇಷ್ಟೆಲ್ಲ ಆಸೆ ಇರುವುದು ಒಳ್ಳೆಯದೇ. ಆ ಆಸೆಗೆ ಸಮಯ ಕೊಡಿ. ಎರಡು ಕಡೆ ನಿಲ್ಲಿಸೋಣ ಅಂತ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಫೋನು ನಿಮ್ಮ ಕೈಗೆ ಬರಲಿ, ವಿಡಿಯೋ ನೀವು ಮಾಡಿ. ಅರ್ಧ ದಾರಿ ನೀವೇ ಓಡಿಸಿದರೆ ಇನ್ನೂ ಚೆಂದ. ಅವರು ಬೇಕಾದಷ್ಟು ನೋಡಲಿ.

ನಿಲ್ಲಿಸುವ ಜಾಗ ಮಾತ್ರ ಅಗಲವಾಗಿರಬೇಕು, ಎರಡೂ ಕಡೆಯಿಂದ ದೂರದಿಂದಲೇ ಕಾಣಬೇಕು. ತಿರುವಿನಲ್ಲಿ ಬೇಡ. ಗುಡ್ಡ ಜರಿದ ಗುರುತು ಇರುವ ಕಡೆಯೂ ಬೇಡ. ಪಾಚಿ ಕಟ್ಟಿದ ಬಂಡೆ ಹತ್ತಿ ಕುಣಿಯುವವರ ಬಗ್ಗೆ ನಾನು ಬರೆಯುವುದಿಲ್ಲ. ಅವರು ಪತ್ರಿಕೆ ಓದುವವರಲ್ಲ.

ಅತ್ತೆಗೆ ಘಾಟಿ ಅಂದರೆ ವಾಂತಿ. ಏನಾದರೂ ಉಪಾಯ? — ಚಿತ್ರದುರ್ಗದ ಸೊಸೆ

ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಫೋನ್ ನೋಡುವುದು, ತಲೆ ಬಗ್ಗಿಸುವುದು ಬೇಡ. ಕಿವಿಗೆ ಗಾಡಿ ತಿರುಗುವುದು ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಈ ಜಗಳಕ್ಕೇ ಹೊಟ್ಟೆ ತೊಳೆಸುವುದು. ಹೊಟ್ಟೆ ಬಿರಿಯುವಷ್ಟು ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬೇಡ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹತ್ತುವುದಕ್ಕೆ ಸಾಕಷ್ಟು ಮೊದಲೇ ಕೊಡಿ. ಕೆಲವು ಮಾತ್ರೆಗೆ ನಿದ್ದೆ ಬರುತ್ತದೆ, ಓಡಿಸುವವರು ನುಂಗಬಾರದು. ಮತ್ತೆ, ಡ್ರೈವರ್ ಪ್ರತಿ ತಿರುವಿಗೂ ಗಕ್ಕನೆ ಬ್ರೇಕ್ ಹಾಕಿದರೆ ಯಾವ ನಿಂಬೆಹಣ್ಣೂ ಕೆಲಸ ಮಾಡುವುದಿಲ್ಲ.

ಮೊದಲ ಸಲ ಘಟ್ಟ ಓಡಿಸುವವರಿಗೆ ಯಾವ ಘಾಟಿ ಒಳ್ಳೆಯದು? ಯಾವ ತಿಂಗಳು? — ಬಳ್ಳಾರಿಯ ಹುಡುಗ

ಶಿರಾಡಿ ಅಗಲ, ತಿರುವೂ ಸೌಮ್ಯ. ಆದರೆ ಅದು 75ನೇ ಹೆದ್ದಾರಿ. ಬಂದರಿನಿಂದ ಬರುವ ಟ್ಯಾಂಕರ್, ಲಾರಿ ಹಗಲೂ ರಾತ್ರಿ. ಅಲ್ಲಿ ಹೆದರಬೇಕಾದದ್ದು ರಸ್ತೆಗಲ್ಲ, ಓವರ್‌ಟೇಕ್ ಮಾಡುವವರಿಗೆ. ಆಗುಂಬೆ ಚಿಕ್ಕ ಘಾಟಿ, ಆದರೆ 14 ಹಿಮ್ಮುರಿ ತಿರುವುಗಳೂ ಬಿಗಿ. ದೊಡ್ಡ ಗಾಡಿಗೆ ಅಲ್ಲಿ ಬಿಡುವುದಿಲ್ಲ, ಅದೇ ಹೊಸಬರಿಗೆ ಲಾಭ. ಹುಲಿಕಲ್ ಬಾಳೆಬರೆಯನ್ನು ಸ್ವಲ್ಪ ಕೈ ಪಳಗಿದ ಮೇಲೆ ಇಟ್ಟುಕೊ. ಅಲ್ಲಿ ಚಂಡಿಕಾಂಬೆಗೆ ಕೈ ಮುಗಿಯದೆ ಮುಂದೆ ಹೋಗುವ ಡ್ರೈವರ್‌ಗಳು ಕಡಿಮೆ. ದೇವರಲ್ಲಿ ನಂಬಿಕೆ ಇಲ್ಲದಿದ್ದರೂ ನಿಲ್ಲಿಸು, ಬ್ರೇಕ್ ತಣಿಯುತ್ತದೆ.

ನಾನು ಹೇಳುವುದು ಚಾರ್ಮಾಡಿಯನ್ನೇ. ತವರಿನ ದಾರಿ ಅಂತ ಪಕ್ಷಪಾತ ಇರಬಹುದು. ಡಿಸೆಂಬರ್ ಅಥವಾ ಜನವರಿಯ ಒಂದು ವಾರದ ದಿನ, ಬೆಳಿಗ್ಗೆ ಮಂಜು ಕರಗಿದ ಮೇಲೆ ಉಜಿರೆ ಕಡೆಯಿಂದ ಹತ್ತು. ಮೊದಲು ಹತ್ತಿದರೆ ರಸ್ತೆಯ ಪರಿಚಯ ಆಗುತ್ತದೆ, ಗಾಡಿ ತಾನಾಗಿಯೇ ನಿಧಾನ ಇರುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಅದೇ ದಾರಿಯಲ್ಲಿ ಇಳಿ. ಇಲ್ಲಿ ತಿರುವುಗಳಿಗೆ ನಂಬರ್ ಇದೆ. ಏನಾದರೂ ಆದರೆ "ಇಷ್ಟನೇ ತಿರುವು" ಅಂತ ಹೇಳಿದರೆ ಸಾಕು, ಸ್ಥಳೀಯರಿಗೆ ಗೊತ್ತಾಗುತ್ತದೆ. ಫೋನ್ ಸಿಗ್ನಲ್ ಎಲ್ಲ ಕಡೆ ಇಲ್ಲ, ಮ್ಯಾಪ್ ಮೊದಲೇ ಇಳಿಸಿಕೊ.

ಜೋರು ಮಳೆಯ ದಿನಗಳಲ್ಲಿ ಮಾತ್ರ ಬರಬೇಡ. 2019ರ ಆಗಸ್ಟ್‌ನಲ್ಲಿ ಗುಡ್ಡ ಹಲವು ಕಡೆ ಜರಿದು ಘಾಟಿ ವಾರಗಟ್ಟಲೆ ಬಂದ್ ಆಗಿತ್ತು. ಸಣ್ಣ ಗಾಡಿಗೆ ಬಿಟ್ಟ ಮೇಲೂ ದೊಡ್ಡ ಗಾಡಿಗೆ ಬಹಳ ಕಾಲ ಬಿಡಲಿಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲಿನಲ್ಲಿ ಶಿರಾಡಿಯ ರಸ್ತೆಗೂ ಹಾಗೇ ಮಣ್ಣು ಬಂತು. ಝರಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಗುಡ್ಡದಿಂದ ಸಣ್ಣ ಕಲ್ಲು ಉದುರತೊಡಗಿದರೆ, ಮರ ರಸ್ತೆ ಕಡೆ ವಾಲಿದ್ದರೆ ಅಲ್ಲಿ ಫೋಟೋಕ್ಕೆ ನಿಲ್ಲಬಾರದು. ಹೊರಡುವ ಮುನ್ನ ಬೆಳ್ತಂಗಡಿ ಅಥವಾ ಮೂಡಿಗೆರೆ ಕಡೆ ಯಾರನ್ನಾದರೂ ಕೇಳು. ಮ್ಯಾಪ್ ಹಸಿರು ತೋರಿಸಿತು ಅನ್ನುವುದು ಉತ್ತರವಲ್ಲ.

ಚಾರ್ಮಾಡಿಯಲ್ಲಿ ಆನೆ ಇದೆಯಂತೆ. ಎದುರಿಗೆ ಬಂದರೆ? — ಕೋಲಾರದ ಓದುಗರು

ಬರುತ್ತದೆ ಸಾರ್. ಹಗಲು ಅಪರೂಪ, ಕತ್ತಲಾದ ಮೇಲೆ ಹೆಚ್ಚು. ಹಾರ್ನ್ ಬೇಡ, ಲೈಟ್ ಮಿನುಗಿಸಬೇಡಿ, ಇಂಜಿನ್ ರೇಸ್ ಮಾಡಬೇಡಿ, ಕೆಳಗಿಳಿಯಬೇಡಿ. ದೂರದಲ್ಲೇ ನಿಂತುಬಿಡಿ. ಅದು ನಿಮ್ಮ ಕಡೆ ನಡೆದು ಬಂದರೆ ನಿಧಾನಕ್ಕೆ ರಿವರ್ಸ್ ಹೋಗಿ, ಹಿಂದಿನ ಗಾಡಿಯವರಿಗೂ ಹಿಂದೆ ಸರಿಯಲು ಕೈಸನ್ನೆ ಮಾಡಿ. ಇದಕ್ಕೇ ಮುಂದಿನ ಗಾಡಿಗೆ ಒತ್ತಿಕೊಂಡು ನಿಲ್ಲಬೇಡಿ ಅನ್ನುವುದು. ಆನೆ ದಾಟಿದ ಕೂಡಲೇ ಹೊರಡಬೇಡಿ, ಹಿಂದೆ ಮರಿ ಇರಬಹುದು. ರಾತ್ರಿ ಪ್ರಯಾಣ ತಪ್ಪಿಸಲು ಆಗುವುದಾದರೆ ಮೂಡಿಗೆರೆಯಲ್ಲೋ ಉಜಿರೆಯಲ್ಲೋ ಉಳಿದುಕೊಳ್ಳಿ. ಡೀಸೆಲ್ಲೂ ಅಲ್ಲೇ ಹಾಕಿಸಿ, ಘಾಟಿಯೊಳಗೆ ಬಂಕ್ ಇಲ್ಲ.